ಕಟ್ಟಿದ ಹಾಲಿನ ಚರಿತ್ರೆ

1797ನೆಯ ಇಸವಿಯ ಸೆಪ್ಟೆಂಬರ್ ತಿಂಗಳ ಮೊದಲ ವಾರದಲ್ಲಿ, ಲಂಡನ್ನಿನ ಸಾಮರ್ಸ್ ಟೌನ್ ಎಂಬ ಬಡಾವಣೆಯ ಮನೆಯೊಂದರಲ್ಲಿ, ಸ್ತ್ರೀಯರ ಹಕ್ಕುಗಳನ್ನು ಕುರಿತು ಗ್ರಂಥ ಬರೆದು ಪ್ರಖ್ಯಾತಳಾಗಿದ್ದ ಮೇರಿ ವೋಲ್‌ಸ್ಟನ್‌ಕ್ರಾಫ್ಟ್ ಎಂಬ ವಿದುಷಿ ಬಾಣಂತಿಯಾಗಿ ಮಲಗಿದ್ದಳು. ಆಗಸ್ಟ್ 30ರಂದು ಹೆಣ್ಣುಮಗುವನ್ನು ಹೆತ್ತಿದ್ದ ಆಕೆಗೆ ಚಳಿಜ್ವರ ಏರಿದ್ದಿತು. ನೋಡಲು ಬಂದ ವೈದ್ಯ ಫೋರ್ಡೈಸ್, ಮಗುವಿಗೆ ತಾಯಿಯ ಮೊಲೆಯೂಡಿಸಕೂಡದೆಂದು ಕಟ್ಟಪ್ಪಣೆ ಮಾಡಿದನು. ಆಮೇಲೆ ಎದೆಯಲ್ಲಿ ನಿಂತ ಹಾಲನ್ನು ಹೀರಿಸುವುದಕ್ಕಾಗಿ ನಾಯಿಮರಿಗಳನ್ನು ತರಿಸಲಾಯಿತು. ಆಕೆಯ ಪತಿ ವಿಲಿಯಂ ಗಾಡ್ವಿನ್ ಮರುವರ್ಷ ಪ್ರಕಟಿಸಿದ ಸ್ಮರಣಗ್ರಂಥದಲ್ಲಿ ಈ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾನೆ. ಆ ಸ್ಥಿತಿಯಲ್ಲಿಯೂ ಆಕೆ ಅದನ್ನು ಕುರಿತು ವಿನೋದವಾಡಿದಳೆಂಬುದನ್ನೂ ಬಿಟ್ಟಿಲ್ಲ. ಸೆಪ್ಟೆಂಬರ್ 10ರಂದು ಆಕೆ ತೀರಿಕೊಂಡಳು. ಪ್ರಾಣವನ್ನೊಯ್ದದ್ದು ಎದೆಯ ಬಾವಲ್ಲ, ಸೂತಿಕಾಜ್ವರ. ಹೆತ್ತ ಮಗು ಮುಂದೆ 'ಫ್ರಾಂಕೆನ್‌ಸ್ಟೈನ್' ಕಾದಂಬರಿಯನ್ನು ಬರೆದ ಮೇರಿ ಶೆಲ್ಲಿಯಾಯಿತು.

ನಾಯಿಮರಿಯ ಮಾತು ಕೇಳಿ ಇಂದಿನ ಓದುಗರು ಹುಬ್ಬೇರಿಸಬಹುದು. ಆದರೆ ಆ ಕಾಲದ ಯುರೋಪಿನಲ್ಲಿ ಅದು ವಿಪರೀತವೆನಿಸಿದ ಉಪಾಯವಲ್ಲ. ಬಾಣಂತಿಯ ಎದೆ ಕಲ್ಲಾದಾಗ ನಾಯಿಮರಿಯನ್ನು ಹಚ್ಚುವುದು, ಇಲ್ಲವೆ ಬಾಗಿದ ಗಾಜಿನ ನಳಿಕೆಯ ಒಂದು ತುದಿಯನ್ನು ತೊಟ್ಟಿಗಿಟ್ಟು ಇನ್ನೊಂದು ತುದಿಯಿಂದ ತಾಯಿಯೇ ತನ್ನ ಹಾಲನ್ನು ಎಳೆದುಕೊಳ್ಳುವುದು, ಸೂಲಗಿತ್ತಿಯರ ಕೈಪಿಡಿಗಳಲ್ಲಿಯೇ ಕಾಣಬರುವ ಕ್ರಮಗಳು. ಹಾಲು ನಿಂತರೆ ಕೆಡುತ್ತದೆ, ಕೆಟ್ಟರೆ ಕೀವಾಗುತ್ತದೆ ಎಂಬ ಭಾವನೆಯೇ ಈ ಎಲ್ಲ ಉಪಾಯಗಳ ಮೂಲ. ಎದೆಬಾವಿನ ಚಿಕಿತ್ಸೆಯ ಇತಿಹಾಸವನ್ನು ಓದುತ್ತ ಹೋದಂತೆ ನನಗೆ ದೃಢವಾದ ಸಂಗತಿಯೊಂದುಂಟು: ವೈದ್ಯರು ಚಿಕಿತ್ಸೆ ಮಾಡಿದ್ದು ರೋಗಕ್ಕಿಂತ ಹೆಚ್ಚಾಗಿ, ರೋಗವನ್ನು ಕುರಿತು ತಾವು ಮನಸ್ಸಿನಲ್ಲಿ ಬರೆದುಕೊಂಡ ಚಿತ್ರಕ್ಕೆ. ಒಂದು ಕಾಲದಲ್ಲಿ ಆ ಚಿತ್ರ ಒಡೆದ ಹಾಲಿನದು. ಮತ್ತೊಂದು ಕಾಲದಲ್ಲಿ ಹೊರಗಿನಿಂದ ನುಗ್ಗಿದ ಸೂಕ್ಷ್ಮಾಣುವಿನದು. ನಮ್ಮ ಕಾಲದಲ್ಲಿ, ಮುಖ್ಯವಾಗಿ ಸ್ಪೇನ್ ದೇಶದ ಪ್ರಯೋಗಶಾಲೆಗಳಿಂದ ಹೊರಟುಬಂದದ್ದು, ಹಾಲಿನಲ್ಲಿ ಸಹಜವಾಗಿಯೇ ವಾಸಿಸುವ ಸೂಕ್ಷ್ಮಜೀವಿಗಳ ಸಮೂಹವೊಂದು ತನ್ನ ಸಮತೋಲವನ್ನು ಕಳೆದುಕೊಂಡ ಚಿತ್ರ. ಬಾಣಂತಿಗೆ ಪ್ರೋಬಯಾಟಿಕ್ ಎಂಬ ಹೆಸರಿನ ಗುಳಿಗೆಯನ್ನು ಕೊಡಬೇಕೆಂಬ ಆಲೋಚನೆ ಈ ಮೂರನೆಯ ಚಿತ್ರದಿಂದ ಹುಟ್ಟಿದ್ದು.

ನಮ್ಮ ಪ್ರಾಚೀನರಿಂದಲೇ ಆರಂಭಿಸುವುದು ಯುಕ್ತ. ಸುಶ್ರುತಸಂಹಿತೆಯ ನಿದಾನಸ್ಥಾನದ ಹತ್ತನೆಯ ಅಧ್ಯಾಯವು ವಿಸರ್ಪ, ನಾಡೀವ್ರಣಗಳ ಜೊತೆಯಲ್ಲಿ ಸ್ತನರೋಗಗಳನ್ನೂ ವಿವರಿಸುತ್ತದೆ. ಕನ್ಯೆಯರ ಸ್ತನಗಳಲ್ಲಿರುವ ನಾಳಗಳ ಬಾಯಿ ಮುಚ್ಚಿರುವುದರಿಂದ ದೋಷಗಳು ಅಲ್ಲಿಗೆ ಹರಿಯಲಾರವೆಂದೂ, ಗರ್ಭಿಣಿಯರಲ್ಲಿಯೂ ಹೆತ್ತವರಲ್ಲಿಯೂ ಅವು ತಾವಾಗಿಯೇ ತೆರೆದುಕೊಳ್ಳುವುದರಿಂದ ರೋಗಕ್ಕೆ ಎಡೆಯಾಗುವುದೆಂದೂ ಅಲ್ಲಿ ಹೇಳಿದೆ. ಚಿಕಿತ್ಸಾಸ್ಥಾನದ ಹದಿನೇಳನೆಯ ಅಧ್ಯಾಯದಲ್ಲಿ ಬರುವ ಸ್ತನವಿದ್ರಧಿಯ, ಎಂದರೆ ಕೀವುಗೂಡುವ ಎದೆಬಾವಿನ, ಚಿಕಿತ್ಸೆ ಇನ್ನೂ ಸ್ವಾರಸ್ಯಕರವಾದುದು. ಬಾವು ಮಾಗುತ್ತಿರುವಾಗ ಸ್ತನಕ್ಕೆ ಉಪನಾಹವನ್ನು, ಎಂದರೆ ಬಿಸಿಯಾದ ಪಟ್ಟನ್ನು, ಕಟ್ಟಕೂಡದೆಂದು ಆಚಾರ್ಯನು ನಿಷೇಧಿಸುತ್ತಾನೆ. ಸ್ತನದ ಮಾಂಸ ಬಹು ಮೃದುವಾದುದರಿಂದ, ಹಾಗೆ ಕಟ್ಟಿದರೆ ಬೇಗನೆ ಕೊಳೆತು ಬಿರಿದುಹೋಗುವುದೆಂಬುದು ಅವನು ಕೊಡುವ ಕಾರಣ. ಕೀವಾಗಿಯೇ ಬಿಟ್ಟಲ್ಲಿ ಶಸ್ತ್ರವನ್ನು ಹಾಕುವಾಗ ಹಾಲು ಹರಿಯುವ ನಾಳಗಳನ್ನೂ, ತೊಟ್ಟಿನ ಸುತ್ತಣ ಕಪ್ಪು ಭಾಗವನ್ನೂ ತಪ್ಪಿಸಿ ಕೊಯ್ಯಬೇಕು. ಬಾವು ಹಸಿಯಾಗಿರಲಿ, ಉರಿಯುತ್ತಿರಲಿ, ಮಾಗಿರಲಿ, ಎಲ್ಲ ಅವಸ್ಥೆಗಳಲ್ಲಿಯೂ ಹಾಲನ್ನು ಸತತವಾಗಿ ಕರೆದು ತೆಗೆಯುತ್ತಿರಬೇಕು. ಹೀಗೆ ಕೆಲವೇ ಸಾಲುಗಳಲ್ಲಿ ಶಸ್ತ್ರವೈದ್ಯನ ಕೈ ಎಲ್ಲೆಲ್ಲಿ ಹೋಗಬೇಕು, ಎಲ್ಲಿ ಹೋಗಬಾರದು ಎಂಬುದು ಸ್ಪಷ್ಟವಾಗಿ ನಿಗದಿಯಾಗಿದೆ. ನಾಳಗಳನ್ನು ಕಡಿಯದಂತೆ ತೊಟ್ಟಿನಿಂದ ದೂರವಾಗಿ ಕೊಯ್ಯುವ ಎಚ್ಚರವನ್ನು ಇಂದಿನ ಶಸ್ತ್ರವೈದ್ಯರೂ ಪಾಲಿಸುತ್ತಾರೆ.

ಶಾಸ್ತ್ರದ ನಿಷೇಧ ಲೋಕರೂಢಿಯನ್ನು ತಡೆಯಲಿಲ್ಲವೆಂಬುದು ಬೇರೆಯ ಮಾತು. ನಮ್ಮ ಕನ್ನಡನಾಡಿನ ಬಾಣಂತಿಕೋಣೆಗಳಲ್ಲಿ ಹಾಲು ಕಟ್ಟಿಕೊಂಡ ಎದೆಗೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಾವು ಕೊಡುವುದು, ಎಣ್ಣೆ ಹಚ್ಚಿ ಗಂಟನ್ನು ಬಲವಾಗಿ ತಿಕ್ಕಿ ಕರಗಿಸಲು ಯತ್ನಿಸುವುದು, ಎಣ್ಣೆನೀರು ಹಾಕುವ ಹೆಂಗಸರ ನಿತ್ಯದ ಕೆಲಸಗಳಲ್ಲಿ ಸೇರಿಹೋಗಿದೆ. ನಡುಗಾಲದ ಆಯುರ್ವೇದ ಸಂಗ್ರಹಗಳಲ್ಲಿ ಅರಿಶಿನವನ್ನು ಉಮ್ಮತ್ತಿಯ ಕಾಯೊಡನೆ ಅರೆದು ಹಚ್ಚುವ ಲೇಪವೂ ಉಂಟು. ಇನ್ನು ಮಗು ತೀರಿಹೋಗಿ ಹಾಲು ಬತ್ತಬೇಕಾದಾಗ ಎದೆಗೆ ಮಲ್ಲಿಗೆಯ ಹೂವನ್ನು ಕಟ್ಟುವ ದಕ್ಷಿಣಭಾರತದ ರೂಢಿಯನ್ನು ನೆರೆಯ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನವರು ಪರೀಕ್ಷೆಗೆ ಒಡ್ಡಿ, 1988ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು: ಬ್ರೋಮೋಕ್ರಿಪ್ಟಿನ್ ಎಂಬ ಔಷಧಿಗೆ ಸರಿಗಟ್ಟುವಷ್ಟು ಮಟ್ಟಿಗೆ ದುಂಡುಮಲ್ಲಿಗೆ ಹಾಲನ್ನು ತಗ್ಗಿಸಿತ್ತು. ಅಜ್ಜಿಯರ ಮಾತುಗಳೆಲ್ಲವೂ ಸರಿಯೆಂದಾಗಲಿ, ಎಲ್ಲವೂ ಮೂಢನಂಬಿಕೆಯೆಂದಾಗಲಿ ಮೊದಲೇ ತೀರ್ಪು ಕೊಟ್ಟುಬಿಡುವವರು ಈ ಒಂದು ಪ್ರಯೋಗವನ್ನು ನೆನಪಿಟ್ಟುಕೊಳ್ಳುವುದೊಳ್ಳೆಯದು.

ಯುರೋಪಿನಲ್ಲಿ ಹದಿನೆಂಟನೆಯ ಶತಮಾನದ ವೈದ್ಯರು ಹಾಲಿನ ಮೇಲೆ ಹೊರಿಸಿದ ಅಪವಾದ ಎದೆಬಾವಿಗೆ ಮಾತ್ರ ಸೀಮಿತವಾಗಿರಲಿಲ್ಲ. ಸೂತಿಕಾಜ್ವರದಿಂದ ಸತ್ತ ಬಾಣಂತಿಯರ ಶವಗಳನ್ನು ಕೊಯ್ದು ನೋಡಿದಾಗ ಉದರದಲ್ಲಿ ಬೆಳ್ಳಗಿನ, ಮೊಸರಿನ ಕರಣೆಯಂತಹ ದ್ರವ ಕಂಡುಬರುತ್ತಿತ್ತು. ಅದು ಕೀವೆಂಬುದನ್ನರಿಯದ ಫ್ರಾನ್ಸಿನ ಪ್ಯೂಜೋ ಮೊದಲಾದವರು, ಎದೆಯಲ್ಲಿ ಹರಿಯಬೇಕಾಗಿದ್ದ ಹಾಲೇ ದಾರಿತಪ್ಪಿ ದೇಹದೊಳಕ್ಕೆ ಹರಡಿಕೊಂಡಿದೆಯೆಂದು ಸಿದ್ಧಾಂತ ಮಾಡಿದರು. ಹೆತ್ತ ಮೂರು ನಾಲ್ಕು ದಿವಸಗಳಲ್ಲಿ ಎದೆ ಬಿಗಿದು ಮೈ ಬೆಚ್ಚಗಾಗುವುದಕ್ಕೆ ಹಾಲುಜ್ವರವೆಂದು ಹೆಸರಿಟ್ಟು, ಅದು ಹೆರಿಗೆಯ ಸಹಜವಾದ ಅಂಗವೆಂದೇ ಭಾವಿಸಲಾಗಿತ್ತು. ಇದಕ್ಕೆ ಕಾರಣವನ್ನು ಅವರೇ ನಿರ್ಮಿಸಿಕೊಂಡಿದ್ದರೆಂಬುದು ಈಗ ತಿಳಿದುಬರುತ್ತದೆ: ಮೊದಲ ಹಾಲು ಅಶುದ್ಧವೆಂದು ಕೆಲವು ದಿವಸ ಮಗುವನ್ನು ಎದೆಗೆ ಹಚ್ಚುತ್ತಲೇ ಇರಲಿಲ್ಲ. ನಮ್ಮಲ್ಲಿಯೂ ಗಿಣ್ಣುಹಾಲನ್ನು ಹಿಂಡಿ ಚೆಲ್ಲುತ್ತಿದ್ದ ಮನೆಗಳು ಅನೇಕವಿದ್ದುವು. ಯುರೋಪಿನವರನ್ನು ನಕ್ಕು ಪ್ರಯೋಜನವಿಲ್ಲ.

ಈ ನಂಬಿಕೆಯನ್ನು ಅಲುಗಿಸಿದವರಲ್ಲಿ ಮ್ಯಾಂಚೆಸ್ಟರ್ ನಗರದ ಚಾರ್ಲ್ಸ್ ವೈಟ್ ಅಗ್ರಗಣ್ಯನು. 1773ರಲ್ಲಿ ಅವನು ಪ್ರಕಟಿಸಿದ, ಗರ್ಭಿಣಿ ಬಾಣಂತಿಯರ ಆರೈಕೆಯನ್ನು ಕುರಿತ ಗ್ರಂಥದಲ್ಲಿ, ಬಾಣಂತಿಯನ್ನು ಕಿಟಕಿ ಬಾಗಿಲುಗಳನ್ನು ಮುಚ್ಚಿದ ಬಿಸಿಕೋಣೆಯಲ್ಲಿ ಬೇಯಿಸುವುದನ್ನು ಖಂಡಿಸಿ, ಗಾಳಿ ಬೆಳಕಿಗೆ ತೆರೆಯಿರಿ, ಬೇಗ ಎಬ್ಬಿಸಿ ಕುಳ್ಳಿರಿಸಿರಿ, ಹೆತ್ತ ಸ್ವಲ್ಪ ಹೊತ್ತಿನಲ್ಲಿಯೇ ಮಗುವನ್ನು ಎದೆಗೆ ಹಚ್ಚಿರಿ, ಹಾಗೆ ಮಾಡಿದಲ್ಲಿ ಹಾಲುಜ್ವರವೂ ಎದೆಯ ಹುಣ್ಣೂ ತಲೆದೋರವು ಎಂದು ಸಾರಿದನು. 1749ರಲ್ಲಿ ಸ್ಥಾಪಿತವಾದ ಲಂಡನ್ನಿನ ಬ್ರಿಟಿಷ್ ಹೆರಿಗೆ ಆಸ್ಪತ್ರೆಯಲ್ಲಿ ಮಗುವನ್ನು ಮೊದಲ ದಿವಸವೇ ಎದೆಗೆ ಕೊಡುವ ಪದ್ಧತಿ ಬಂದುದರಿಂದ ತಾಯಂದಿರ ಹಾಲುಜ್ವರ ಗಮನಾರ್ಹವಾಗಿ ಇಳಿಯಿತೆಂದು, ಶಿಶುಪೋಷಣೆಯ ಚರಿತ್ರೆಯನ್ನು ಬರೆದ ವ್ಯಾಲರಿ ಫಿಲ್ಡ್ಸ್ ವಾದಿಸಿದ್ದಾರೆ. ಸೂಕ್ಷ್ಮಾಣುವಿನ ಸುಳಿವೇ ಇಲ್ಲದ ಕಾಲದಲ್ಲಿ, ಬರಿಯ ರೂಢಿಯೊಂದನ್ನು ಬದಲಾಯಿಸಿದ್ದರಿಂದ ಇಷ್ಟು ಸಾಧಿತವಾಯಿತೆಂಬುದು ಮುಂದಿನ ಕಥೆಯನ್ನು ತೂಗಿನೋಡುವುದಕ್ಕೆ ಒಳ್ಳೆಯ ತಕ್ಕಡಿ.

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧವನ್ನು ಬೇಗ ದಾಟಿಬಿಡಬಹುದು. ಸರ್ ಆಸ್ಟ್ಲೀ ಕೂಪರ್ ಸ್ತನದ ನಾಳಗಳಿಗೆ ಬಣ್ಣದ ಮೇಣವನ್ನು ತುಂಬಿ ರಚಿಸಿದ ಭವ್ಯವಾದ ಚಿತ್ರಗಳನ್ನು 1840ರಲ್ಲಿ ಪ್ರಕಟಿಸಿದನು. ಅಂಗರಚನೆಯ ಜ್ಞಾನ ಬೆಳೆಯಿತು, ಚಿಕಿತ್ಸೆ ಬೆಳೆಯಲಿಲ್ಲ. ಅಗಸೆಹಿಟ್ಟಿನ ಪಟ್ಟು, ರೊಟ್ಟಿಯ ಪಟ್ಟು, ಎಲೆಕೋಸಿನ ಎಲೆ, ಕೊನೆಗೆ ಕತ್ತಿ. 1880ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್ಸ್ಟನ್, ರೋಗಿಗಳ ಹುಣ್ಣಿನಿಂದ ತೆಗೆದ ಕೀವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಗೊಂಚಲು ಗೊಂಚಲಾಗಿ ಕೂಡಿಕೊಂಡಿದ್ದ ದುಂಡನೆಯ ಜೀವಿಗಳನ್ನು ಕಂಡನು. ಎರಡು ವರ್ಷಗಳ ತರುವಾಯ ಅವಕ್ಕೆ ಸ್ಟ್ಯಾಫಿಲೊಕಾಕಸ್ ಎಂದು ಹೆಸರಿಟ್ಟನು. ಅಂದಿನಿಂದ ಎದೆಯ ಹುಣ್ಣಿಗೆ ಒಬ್ಬ ಅಪರಾಧಿ ಸಿಕ್ಕಿದಂತಾಯಿತು. ಹಾಲು ನಿರ್ದೋಷಿಯೆನಿಸಿತು, ಆದರೆ ಅದರೊಡನೆ, ಆರೋಗ್ಯವಂತಳಾದ ತಾಯಿಯ ಹಾಲಿನಲ್ಲಿ ಯಾವ ಜೀವಾಣುವೂ ಇರಲಾರದು, ಕಂಡುಬಂದಲ್ಲಿ ಅದು ಚರ್ಮದಿಂದಲೊ ಮಗುವಿನ ಬಾಯಿಂದಲೊ ಬೆರೆತ ಕಲ್ಮಷವೇ ಸರಿ ಎಂಬ ಮತ್ತೊಂದು ನಂಬಿಕೆ ಬೇರೂರಿತು. ಆ ನಂಬಿಕೆ ಕದಲುವುದಕ್ಕೆ ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಇಪ್ಪತ್ತನೆಯ ಶತಮಾನ ಎದೆಬಾವಿಗೆ ಔಷಧವನ್ನೂ ಕೊಟ್ಟಿತು, ಅದನ್ನು ಹೆಚ್ಚಿಸುವ ವ್ಯವಸ್ಥೆಯನ್ನೂ ಕೊಟ್ಟಿತು. 1907ರಲ್ಲಿ ನ್ಯೂಜಿಲೆಂಡಿನ ಡನೀಡಿನ್ ನಗರದಲ್ಲಿ ಪ್ಲಂಕೆಟ್ ಸಂಘವನ್ನು ಸ್ಥಾಪಿಸಿದ ಟ್ರೂಬಿ ಕಿಂಗ್, ಮಗುವಿಗೆ ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಮಾತ್ರ ಹಾಲು, ರಾತ್ರಿ ಹಾಲಿಲ್ಲ ಎಂಬ ಶಿಸ್ತನ್ನು ಸಾರಿದನು. ಇಂಗ್ಲಿಷ್ ಮಾತಾಡುವ ನಾಡುಗಳಲ್ಲೆಲ್ಲ ಅದಕ್ಕೆ ಅನುಯಾಯಿಗಳು ದೊರೆತರು. ದೊಡ್ಡ ಹೆರಿಗೆ ಆಸ್ಪತ್ರೆಗಳಲ್ಲಿ ತಾಯಿ ಒಂದು ಕೋಣೆಯಲ್ಲಿ, ಸಾಲುಸಾಲಾಗಿ ಮಲಗಿಸಿದ ಶಿಶುಗಳು ಇನ್ನೊಂದರಲ್ಲಿ. ಎದೆ ತುಂಬಿ ಬಿಗಿಯುತ್ತಿದ್ದರೂ ಮಗು ಬರುವುದು ಗಂಟೆ ಹೊಡೆದಾಗಲೇ. ಇದಕ್ಕಿಂತ ಕೆಟ್ಟದ್ದೆಂದರೆ, ಶಿಶುಗಳ ಕೋಣೆಯಲ್ಲಿ ದಾದಿಯರ ಕೈಯಿಂದ ಕೈಗೆ, ಮಗುವಿನ ಮೂಗಿನಿಂದ ಮೂಗಿಗೆ ಸ್ಟ್ಯಾಫಿಲೊಕಾಕಸ್ ಹರಡುತ್ತಿತ್ತು. ಮಗುವಿಗೆ ಏನೂ ಕಾಣಿಸದಿದ್ದರೂ ಅದರ ಮೂಗಿನ ಮೂಲಕ ತಾಯಿಯ ಎದೆಗೆ ಸೇರಿ, ಮನೆಗೆ ಮರಳಿದ ಮೇಲೆ ಬಾವು ಕಾಣಿಸಿಕೊಳ್ಳುತ್ತಿತ್ತು. ಪೆನಿಸಿಲಿನ್ ಬಂದಾಗ ಈ ಪೀಡೆ ಮುಗಿಯಿತೆಂದೇ ಎಲ್ಲರೂ ಎಣಿಸಿದರು. ಆದರೆ 1948ರ ವೇಳೆಗೆ, ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಮೇರಿ ಬಾರ್ಬರ್ ಪರೀಕ್ಷಿಸಿದ ಸ್ಟ್ಯಾಫಿಲೊಕಾಕಸ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಪೆನಿಸಿಲಿನ್ನಿಗೆ ಜಗ್ಗದಂಥವು. 1950ರ ದಶಕದಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಫಿಲಿಸ್ ರೌಂಟ್ರಿ ಗುರುತಿಸಿದ 80 ಎಂಬ ಸಂಖ್ಯೆಯ ಬಗೆಯೊಂದು, ಕೆನಡದಲ್ಲಿ 81 ಎಂದು ಗುರುತಿಸಲ್ಪಟ್ಟಿದ್ದ ಬಗೆಯೂ ಅದೇ ಎಂದು ತಿಳಿದುಬಂದು, 80/81 ಎಂಬ ಜೋಡಿಹೆಸರಿನಲ್ಲಿ ಹಲವು ದೇಶಗಳ ಹೆರಿಗೆ ವಾರ್ಡುಗಳನ್ನು ನಡುಗಿಸಿತು.

ಅಂಥ ದಿವಸಗಳಲ್ಲಿ ವೈದ್ಯರು ಕೊಡುತ್ತಿದ್ದ ಸಾಮಾನ್ಯವಾದ ಆಜ್ಞೆ, ಮಗುವನ್ನು ಎದೆಯಿಂದ ಬಿಡಿಸಿರಿ ಎಂಬುದು. ಬಾವಿನ ನೋವಿಗೆ ಹಾಲಿನ ಬಿಗಿತವೂ ಕೂಡಿ, ಕೀವಾಗುವ ಸಂಭವ ಇನ್ನೂ ಹೆಚ್ಚುತ್ತಿತ್ತು. 1950ರಲ್ಲಿ ಅಮೆರಿಕದ ನ್ಯೂಟನ್ ದಂಪತಿಗಳು, ಎದೆಯ ಹುಣ್ಣು ಹಾಲೂಡಿಸುವಿಕೆಯ ಫಲವಲ್ಲ, ಹಾಲೂಡಿಸುವಿಕೆ ಕೆಟ್ಟುದರ ಫಲವೆಂದು ತೋರಿಸಿಕೊಟ್ಟರು. 1956ರಲ್ಲಿ ಇಲಿನಾಯ್ ಸಂಸ್ಥಾನದ ಏಳು ಮಂದಿ ಗೃಹಿಣಿಯರು ಕೂಡಿ ಕಟ್ಟಿದ ಲಾ ಲೇಚೆ ಲೀಗ್ ಅದೇ ಮಾತನ್ನು ಮನೆಮನೆಗೆ ಮುಟ್ಟಿಸಿತು. 1975ರಲ್ಲಿ ಅಮೆರಿಕದ ವೈದ್ಯರು ಎದೆಬಾವಿಗಾಗಿ ಹಾಲನ್ನು ನಿಲ್ಲಿಸಬೇಕಾಗಿಲ್ಲವೆಂದು ಪತ್ರಿಕೆಯಲ್ಲಿ ಬರೆದರು. 1984ರಲ್ಲಿ ಡೆನ್ಮಾರ್ಕಿನ ಥಾಮ್ಸನ್ ಮತ್ತು ಸಂಗಡಿಗರು, ಬಾವೆಂದು ಬಂದವರ ಹಾಲಿನಲ್ಲಿ ಬಿಳಿಯ ರಕ್ತಕಣಗಳನ್ನೂ ಬ್ಯಾಕ್ಟೀರಿಯಗಳನ್ನೂ ಎಣಿಸಿ, ಬರಿಯ ಹಾಲುಕಟ್ಟು, ಸೋಂಕಿಲ್ಲದ ಉರಿಯೂತ, ಸೋಂಕು ಕೂಡಿದ ಬಾವು ಎಂದು ಮೂರು ವಿಧವಾಗಿ ವಿಂಗಡಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲಿ ಹೊರಡಿಸಿದ ಕೈಪಿಡಿ ಈ ಎಲ್ಲವನ್ನೂ ಕ್ರೋಡೀಕರಿಸಿತು. ಸುಶ್ರುತನು ಹಾಲನ್ನು ಕರೆಯುತ್ತಲೇ ಇರಿ ಎಂದುದಕ್ಕೆ ಪಾಶ್ಚಾತ್ಯ ವೈದ್ಯಶಾಸ್ತ್ರ ಬಹುದೂರ ಸುತ್ತಿ ಬಂದು ಸೇರಿತೆನ್ನಬಹುದು.

ಈಗ ಇನ್ನೊಂದು ಧಾರೆಯನ್ನು ಹಿಂದಕ್ಕೆ ಹೋಗಿ ಹಿಡಿದುಕೊಂಡು ಬರಬೇಕು. ರೋಗವನ್ನುಂಟುಮಾಡುವ ಸೂಕ್ಷ್ಮಾಣುಗಳನ್ನು ಬೆನ್ನಟ್ಟಿ ಹಿಡಿಯುತ್ತಿದ್ದ ಅದೇ ಕಾಲದಲ್ಲಿ, ಪ್ಯಾರಿಸ್ಸಿನ ಪ್ಯಾಶ್ಚರ್ ಸಂಸ್ಥೆಯ ಆನ್ರಿ ಟಿಸಿಯೆ ಎದೆಹಾಲುಂಡ ಶಿಶುಗಳ ಮಲದಲ್ಲಿ ಕವಲೊಡೆದ ಒಂದು ಬ್ಯಾಕ್ಟೀರಿಯವನ್ನು ಕಂಡಿದ್ದನು. 1900ರಲ್ಲಿ ಆಸ್ಟ್ರಿಯದ ಎರ್ನ್‌ಸ್ಟ್ ಮೋರೊ ಹುಳಿಯನ್ನು ಸಹಿಸಿ ಬದುಕುವ ಮತ್ತೊಂದನ್ನು ಕಂಡನು. 1905ರಲ್ಲಿ ಬಲ್ಗೇರಿಯದ ಯುವಕ ವೈದ್ಯ ಸ್ಟಾಮೆನ್ ಗ್ರಿಗೊರೊವ್ ತನ್ನ ನಾಡಿನ ಮೊಸರಿನ ಬ್ಯಾಸಿಲಸ್ಸನ್ನು ಜಿನೀವದಲ್ಲಿ ವರ್ಣಿಸಿದನು. ಪ್ಯಾಶ್ಚರ್ ಸಂಸ್ಥೆಯ ಮೆಚ್ನಿಕಾಫ್ ಇದನ್ನೆಲ್ಲ ಕೈಗೆತ್ತಿಕೊಂಡು, ಹುಳಿಹಾಲಿನ ಜೀವಾಣುಗಳು ಕರುಳಿನ ಕೊಳೆತವನ್ನು ತಡೆದು ಆಯುಸ್ಸನ್ನು ವೃದ್ಧಿಪಡಿಸುವುವೆಂದು ಪ್ರಚಾರಮಾಡಿದನು. ಈ ಪ್ರಚಾರ ಸ್ಪೇನಿಗೆ ತಲಪಿದ ರೀತಿ ವಿನೋದಕರವಾಗಿದೆ. ಥೆಸಲೊನೀಕಿಯಿಂದ ಬಂದು ಬಾರ್ಸಿಲೋನದಲ್ಲಿ ನೆಲಸಿದ್ದ ಐಸಾಕ್ ಕರಾಸ್ಸೊ ಎಂಬಾತ 1919ರಲ್ಲಿ ಮೊಸರಿನ ವ್ಯಾಪಾರ ಆರಂಭಿಸಿದಾಗ, ಅದನ್ನು ಮಾರಿದ್ದು ಔಷಧದ ಅಂಗಡಿಗಳ ಮೂಲಕ. ಹೊಟ್ಟೆಯ ಬೇನೆಗೆ ಮದ್ದೆಂದು. ದಿನವೂ ಮನೆಯಲ್ಲಿ ಹೆಪ್ಪು ಹಾಕುವ ನಮ್ಮವರಿಗೆ ಇದು ನಗೆ ತರಿಸಬಹುದಾದರೂ, ಮೊಸರಿನ ಜೀವಾಣುವಿಗೆ ಔಷಧದ ಸ್ಥಾನ ಕೊಡುವ ಪರಿಪಾಠ ಆ ನಾಡಿನಲ್ಲಿ ಅಂದಿನಿಂದಲೂ ಇತ್ತೆಂಬುದನ್ನು ಗಮನಿಸಬೇಕು. 2001ರಲ್ಲಿ ಅರ್ಜೆಂಟೀನದ ಕಾರ್ಡೋಬದಲ್ಲಿ ಸೇರಿದ ಅಂತರರಾಷ್ಟ್ರೀಯ ತಜ್ಞರ ಸಭೆ, ತಕ್ಕ ಪ್ರಮಾಣದಲ್ಲಿ ಸೇವಿಸಿದಾಗ ಸೇವಿಸಿದವರ ಆರೋಗ್ಯಕ್ಕೆ ಹಿತವನ್ನುಂಟುಮಾಡುವ ಜೀವಂತ ಸೂಕ್ಷ್ಮಾಣುಗಳೇ ಪ್ರೋಬಯಾಟಿಕ್ ಎಂದು ನಿಶ್ಚಯಿಸಿತು.

ಮ್ಯಾಡ್ರಿಡ್ಡಿನ ಕಾಂಪ್ಲುಟೆನ್ಸೆ ವಿಶ್ವವಿದ್ಯಾನಿಲಯದಲ್ಲಿ ಹ್ವಾನ್ ಮಿಗೆಲ್ ರೋಡ್ರಿಗೆಸ್ ಮತ್ತು ಅವರ ಸಂಗಡಿಗರು ಕೆಲಸ ಮಾಡುತ್ತಿದ್ದುದು ವೈದ್ಯಕೀಯ ವಿಭಾಗದಲ್ಲಲ್ಲ, ಪಶುವೈದ್ಯ ವಿಭಾಗದಲ್ಲಿ. ಇದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಹಸುವಿನ ಕೆಚ್ಚಲುಬಾವು ಹೈನುಗಾರನ ಮನೆಯನ್ನೇ ಮುಳುಗಿಸುವ ರೋಗ. ಅದರ ಮೇಲೆ ನಡೆದಿರುವ ಸಂಶೋಧನೆಯ ರಾಶಿಯೆದುರು ಹೆಂಗಸಿನ ಎದೆಬಾವಿನ ಮೇಲೆ ನಡೆದದ್ದು ಹಿಡಿಯಷ್ಟೂ ಇಲ್ಲ. ಹಸುವಿನ ಹಾಲಿಗೆ ಬೆಲೆಯುಂಟು, ತಾಯಿಯ ಹಾಲಿಗಿಲ್ಲ. ಆದುದರಿಂದ ತಾಯಿಯ ಎದೆಯ ಕಡೆಗೆ ಹೊಸ ದೃಷ್ಟಿ ಕೊಟ್ಟಿಗೆಯ ಕಡೆಯಿಂದ ಬಂದುದರಲ್ಲಿ ಆಶ್ಚರ್ಯವೇನು? 2003ರಲ್ಲಿ ಈ ತಂಡ ಎಂಟು ಜನ ಆರೋಗ್ಯವಂತ ತಾಯಂದಿರ ಹಾಲು, ಎದೆಯ ಚರ್ಮ, ಅವರ ಕೂಸುಗಳ ಬಾಯಿ ಮತ್ತು ಮಲ, ಇವುಗಳಿಂದ ಮಾದರಿಗಳನ್ನು ತೆಗೆದು ಬೆಳೆಸಿತು. ಹಾಲಿನಲ್ಲಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಗಳು ದೊರೆತುವು. ಅವೇ ಮಗುವಿನ ಬಾಯಲ್ಲಿಯೂ ಮಲದಲ್ಲಿಯೂ ಇದ್ದುವು. ಚರ್ಮದ ಮೇಲೆ ದೊರೆತವು ಮಾತ್ರ ಬೇರೆ ಬಗೆಯವು. ಹಾಗಾದರೆ ಹಾಲಿನಲ್ಲಿರುವುದು ಚರ್ಮದ ಕಲ್ಮಷವಲ್ಲ, ತಾಯಿಯ ಹಾಲು ಮಗುವಿನ ಕರುಳಿಗೆ ಮೊದಲ ಬೀಜವನ್ನು ಬಿತ್ತುತ್ತಿದೆಯೆಂಬುದು ಅವರ ತೀರ್ಮಾನ. ಅದೇ ವರ್ಷ ಫಿನ್ಲೆಂಡಿನ ಹೆಲ್ಸಿಂಕಿಯಿಂದ ಹೈಕ್ಕಿಲ ಮತ್ತು ಸಾರಿಸ್ ಎಂಬ ಇಬ್ಬರು, ತಾಯಿಹಾಲಿನಲ್ಲಿ ನೆಲಸಿರುವ ನಿರಪಾಯಕಾರಿ ಜೀವಾಣುಗಳು ಸ್ಟ್ಯಾಫಿಲೊಕಾಕಸ್ ಆರಿಯಸ್ಸನ್ನು ಬೆಳೆಯಗೊಡದೆ ತಡೆಯುವುವೆಂದು ಪ್ರಕಟಿಸಿದರು. ಆಮೇಲಿನ ಹೆಜ್ಜೆ ತಾನಾಗಿಯೇ ತೋರುವಂಥದು: ಆರೋಗ್ಯವಂತಳ ಹಾಲಿನಿಂದ ಬೇರ್ಪಡಿಸಿದ ಜೀವಾಣುವನ್ನು ಬಾವು ಬಂದವಳಿಗೆ ಉಣ್ಣಿಸಿ ನೋಡಬಾರದೇಕೆ?

2008ರಲ್ಲಿ ಉಣ್ಣಿಸಿ ನೋಡಿದರು. ಸ್ಟ್ಯಾಫಿಲೊಕಾಕಸ್ ಬಾವಿನಿಂದ ನರಳುತ್ತಿದ್ದ 20 ಹೆಂಗಸರಲ್ಲಿ ಹತ್ತು ಮಂದಿಗೆ ಲ್ಯಾಕ್ಟೊಬ್ಯಾಸಿಲಸ್ ಸಲಿವೇರಿಯಸ್ ಮತ್ತು ಲ್ಯಾಕ್ಟೊಬ್ಯಾಸಿಲಸ್ ಗ್ಯಾಸೆರಿ ಎಂಬ ಎರಡು ಬಗೆಗಳನ್ನು, ಒಂದೊಂದೂ ದಿನಕ್ಕೆ ಸಾವಿರ ಕೋಟಿಯಂತೆ, ನಾಲ್ಕು ವಾರ ಕೊಟ್ಟರು. ಉಳಿದ ಹತ್ತು ಮಂದಿಗೆ ಅವನ್ನು ಕೊಡಲಿಲ್ಲ. ಮೊದಲಲ್ಲಿ ಎರಡು ಗುಂಪಿನವರ ಹಾಲಿನಲ್ಲಿಯೂ ಮಿಲಿಲೀಟರಿಗೆ ಐವತ್ತು ಅರವತ್ತು ಸಾವಿರದಷ್ಟು ಸ್ಟ್ಯಾಫಿಲೊಕಾಕಸ್‌ಗಳಿದ್ದುವು. ಮೂವತ್ತನೆಯ ದಿವಸ ಪ್ರೋಬಯಾಟಿಕ್ ತೆಗೆದುಕೊಂಡವರಲ್ಲಿ ಅದು ಒಂದು ಸಾವಿರಕ್ಕಿಂತ ಕೆಳಗಿಳಿಯಿತು. ಉಳಿದವರಲ್ಲಿ ಇದ್ದಲ್ಲಿಯೇ ಇತ್ತು. ಹದಿನಾಲ್ಕನೆಯ ದಿವಸಕ್ಕೇ ಮೊದಲಿನವರ ಬಾವಿನ ಲಕ್ಷಣಗಳು ಮಾಯವಾಗಿದ್ದುವು. ಇನ್ನೂ ಕುತೂಹಲಕರವಾದುದೆಂದರೆ, ಬಾಯಿಂದ ನುಂಗಿಸಿದ ಆ ಜೀವಾಣುಗಳೇ ಹತ್ತರಲ್ಲಿ ಆರು ಮಂದಿಯ ಹಾಲಿನಲ್ಲಿ ಮರಳಿ ಕಾಣಿಸಿಕೊಂಡುವು. ಕರುಳಿನಿಂದ ಎದೆಗೆ ಅವು ಹೋದ ದಾರಿ ಯಾವುದು? ರಕ್ಷಣಾಕಣಗಳು ಕರುಳಿನ ಗೋಡೆಯಲ್ಲಿ ಅವನ್ನು ಹಿಡಿದು ಎದೆಗೆ ಹೊತ್ತೊಯ್ಯುವುವೆಂಬುದು ಮ್ಯಾಡ್ರಿಡ್ಡಿನವರ ಊಹೆ. ಮಗು ಚೀಪುವಾಗ ಹಾಲು ಸ್ವಲ್ಪ ಹಿಂದಕ್ಕೂ ಹರಿಯುವುದೆಂದು ಅಲ್ಟ್ರಾಸೌಂಡ್ ಪರೀಕ್ಷೆಗಳು ತೋರಿಸಿರುವುದರಿಂದ, ಮಗುವಿನ ಬಾಯಿಯೇ ಬಾಗಿಲಾಗಿರಬಹುದೆಂಬುದು ಎದುರುಪಕ್ಷದವರ ವಾದ. ಈ ವ್ಯಾಜ್ಯ ಇನ್ನೂ ತೀರ್ಮಾನವಾಗಿಲ್ಲ.

ಎರಡು ವರ್ಷಗಳ ಅನಂತರ, 2010ರಲ್ಲಿ, ಇದೇ ತಂಡದವರು 352 ಮಂದಿ ತಾಯಂದಿರನ್ನೊಳಗೊಂಡ ದೊಡ್ಡ ಪ್ರಯೋಗವನ್ನು ಪ್ರಕಟಿಸಿದರು. ಒಂದು ಗುಂಪಿಗೆ ಲ್ಯಾಕ್ಟೊಬ್ಯಾಸಿಲಸ್ ಫರ್ಮೆಂಟಮ್, ಇನ್ನೊಂದಕ್ಕೆ ಸಲಿವೇರಿಯಸ್, ದಿನಕ್ಕೆ ನೂರು ಕೋಟಿಯಂತೆ ಮೂರು ವಾರ. ಮೂರನೆಯ ಗುಂಪಿಗೆ ವೈದ್ಯರು ಬರೆದುಕೊಟ್ಟ ಆಂಟಿಬಯಾಟಿಕ್. ಬಾವು ಮರುಕಳಿಸಿದ್ದು ಪ್ರೋಬಯಾಟಿಕ್ ಗುಂಪುಗಳಲ್ಲಿ ನೂರಕ್ಕೆ ಏಳರಿಂದ ಹತ್ತು ಮಂದಿಗಾದರೆ, ಆಂಟಿಬಯಾಟಿಕ್ ತೆಗೆದುಕೊಂಡವರಲ್ಲಿ ನೂರಕ್ಕೆ ಮೂವತ್ತು ಮಂದಿಗೆ. ಪ್ರಪಂಚದ ನಾನಾ ಕಡೆ ಈ ಸುದ್ದಿ ಹಬ್ಬಿತು. ಫರ್ಮೆಂಟಮ್ ಬಗೆಗೆ ಸಿಇಸಿಟಿ 5716 ಎಂಬ ಸಂಖ್ಯೆ ಕೊಟ್ಟು ವೆಲೆನ್ಸಿಯದ ಜೀವಾಣುಭಂಡಾರದಲ್ಲಿಟ್ಟಿದ್ದಾರೆ; ಅದರ ಒಡೆತನ ಆಗ ಗ್ರನಾಡದ ಒಂದು ವ್ಯಾಪಾರಸಂಸ್ಥೆಯದಾಗಿತ್ತು. 2017ರಲ್ಲಿ ಆ ಸಂಸ್ಥೆಯ ನೌಕರರೇ ಸೇರಿ ಬರೆದ ಪ್ರಬಂಧದಲ್ಲಿ, ಹೆರಿಗೆಯ ವೇಳೆಯಲ್ಲಿ ಆಂಟಿಬಯಾಟಿಕ್ ಪಡೆದಿದ್ದ 625 ತಾಯಂದಿರಲ್ಲಿ, ಈ ಗುಳಿಗೆಯಿಂದ ಎದೆಬಾವಿನ ಪ್ರಮಾಣ ಅರ್ಧದಷ್ಟು ತಗ್ಗಿತೆಂದು ವರದಿಯಾಯಿತು.

ಇಷ್ಟು ಕೇಳಿದ ಮೇಲೆ ಗುಳಿಗೆಯನ್ನು ಕೊಳ್ಳಲು ಹೊರಡುವವರು ಸ್ವಲ್ಪ ತಡೆಯಬೇಕು. 2008ರಲ್ಲಿಯೇ ಸ್ವೀಡನ್ನಿನ ಲಿಂಡ ಕ್ವಿಸ್ಟ್ ಮತ್ತು ಸಂಗಡಿಗರು, ಬಾವು ಬಂದ 192 ತಾಯಂದಿರ ಹಾಲನ್ನು ಹಾಲುದಾನಮಾಡುವ 466 ಮಂದಿ ಆರೋಗ್ಯವಂತೆಯರ ಹಾಲಿನೊಡನೆ ಹೋಲಿಸಿ, ಸ್ಟ್ಯಾಫಿಲೊಕಾಕಸ್ ಆರಿಯಸ್ ಮೊದಲಾದವು ಇಬ್ಬರಲ್ಲಿಯೂ ಧಾರಾಳವಾಗಿ ಇವೆಯೆಂದೂ, ಹಾಲಿನಲ್ಲಿ ಬ್ಯಾಕ್ಟೀರಿಯವನ್ನು ಎಣಿಸಿ ಚಿಕಿತ್ಸೆಯನ್ನು ನಿರ್ಣಯಿಸಲಾಗದೆಂದೂ ತೋರಿಸಿದ್ದರು. ಎಣಿಕೆ ಇಳಿದುದೇ ಗುಣವೆಂದು ಹೇಳುವ ಮಾತಿಗೆ ಇದು ದೊಡ್ಡ ಪೆಟ್ಟು. ಮೆಲ್ಬರ್ನ್ ನಗರದ ಲೀಸ ಅಮೀರ್ ಮೊದಲಾದವರು 2016ರಲ್ಲಿ ಸ್ಪೇನಿನ ಪ್ರಯೋಗಗಳನ್ನು ಒಂದೊಂದಾಗಿ ಪರಾಮರ್ಶಿಸಿ, ಇದು ಪ್ರಮಾಣವೋ ವ್ಯಾಪಾರವೋ ಎಂದು ನೇರವಾಗಿಯೇ ಪ್ರಶ್ನಿಸಿದರು. ಅವರ ಆಕ್ಷೇಪ ನ್ಯಾಯವಾದುದೆಂದೇ ನನ್ನ ಮತ. 2010ರ ಪ್ರಯೋಗದಲ್ಲಿ ಏನನ್ನೂ ಕೊಡದೆ ಬಿಟ್ಟ ಗುಂಪೆಂಬುದು ಇರಲಿಲ್ಲ. ಎದೆಬಾವು ಎಷ್ಟೋ ವೇಳೆ ಯಾವ ಮದ್ದೂ ಇಲ್ಲದೆ ತಾನಾಗಿಯೇ ಶಮನವಾಗುವ ರೋಗವಾದುದರಿಂದ, ವಾಸಿಯಾದುದರ ಕೀರ್ತಿ ಯಾರಿಗೆ ಸಲ್ಲಬೇಕೆಂಬುದನ್ನು ಅಂಥ ಗುಂಪಿಲ್ಲದೆ ಹೇಳಲಾಗದು.

2022ರಲ್ಲಿ ಅಂತರರಾಷ್ಟ್ರೀಯ ಸ್ತನ್ಯವೈದ್ಯ ಅಕಾಡೆಮಿ ಹೊರಡಿಸಿದ ಸೂಚನಾಪತ್ರ, ಹಳೆಯ ರೂಢಿಗಳನ್ನು ಅನೇಕ ಕಡೆ ತಲೆಕೆಳಗು ಮಾಡಿತು. ಕಾವಿಗೆ ಬದಲಾಗಿ ತಣ್ಣೀರು ಅಥವಾ ಮಂಜುಗಡ್ಡೆಯ ಪಟ್ಟಿ. ಗಂಟನ್ನು ತಿಕ್ಕಿ ಕರಗಿಸುವ ಯತ್ನ ಕೂಡದು, ಅದರಿಂದ ಒಳಗಿನ ಮೃದುವಾದ ಅಂಗಕ್ಕೆ ಗಾಯವಾಗುತ್ತದೆ. ಮಗು ಕೇಳಿದಷ್ಟು ಊಡಿಸಬೇಕು, ಎದೆಯನ್ನು ಬರಿದುಮಾಡಲೆಂದು ಪಂಪಿನಿಂದ ಅತಿಯಾಗಿ ಸೆಳೆದರೆ ಹಾಲು ಇನ್ನೂ ಹೆಚ್ಚಿ ಬಿಗಿತ ಬೆಳೆಯುತ್ತದೆ. ನೋವಿಗೆ ಉರಿಯೂತ ತಗ್ಗಿಸುವ ಸಾಧಾರಣ ಗುಳಿಗೆ. ಸೋಂಕು ಸ್ಪಷ್ಟವಾದಲ್ಲಿ ಆಂಟಿಬಯಾಟಿಕ್. ಬಿಸಿಪಟ್ಟಿನ ವಿಷಯದಲ್ಲಿ ಸುಶ್ರುತನ ನಿಷೇಧಕ್ಕೆ ಹೀಗೆ ಅನಿರೀಕ್ಷಿತವಾದ ಬೆಂಬಲ ದೊರೆಯಿತು; ಸತತವಾಗಿ ಕರೆಯಬೇಕೆಂಬ ಅವನ ವಿಧಿಗೆ ದೊರೆಯಲಿಲ್ಲ. ಪ್ರೋಬಯಾಟಿಕ್ಕಿಗೆ ಆ ಪತ್ರದಲ್ಲಿ ಸ್ಥಾನ ಉಂಟು, ಆದರೆ ಅದು ಪಂಕ್ತಿಯ ಕೊನೆಯಲ್ಲಿ: ಫರ್ಮೆಂಟಮ್ ಅಥವಾ ಸಲಿವೇರಿಯಸ್ ಬಗೆಗಳನ್ನು ಬೇಕಾದರೆ ಪರಿಶೀಲಿಸಬಹುದು ಎಂಬಷ್ಟು ಮಾತ್ರ.

ನಮ್ಮ ಓದುಗರಿಗೆ ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಪ್ರೋಬಯಾಟಿಕ್ ಎಂದೊಡನೆ ಮೊಸರು ಮಜ್ಜಿಗೆಗಳು ನೆನಪಿಗೆ ಬರುವುದು ಸಹಜ. ಬಾಣಂತಿಗೆ ತಂಪೆಂದು ಮೊಸರನ್ನು ದೂರವಿಡುವ ಅತ್ತೆಯರಿಗೆ ಇದನ್ನು ಹಿಡಿದು ಉತ್ತರ ಕೊಡಲು ಸೊಸೆಯರಿಗೆ ಮನಸ್ಸಾಗಬಹುದು. ಮನೆಯ ಹೆಪ್ಪಿನಲ್ಲಿರುವ ಜೀವಾಣುಗಳು ಬೇರೆ, ಸ್ಪೇನಿನಲ್ಲಿ ತಾಯಿಹಾಲಿನಿಂದ ಆರಿಸಿ ಬೆಳೆಸಿದ ಬಗೆಗಳು ಬೇರೆ. ಪ್ರಯೋಗ ನಡೆದದ್ದು ಆ ಆರಿಸಿದ ಬಗೆಗಳ ಮೇಲೆ ಮಾತ್ರ. ಮೊಸರನ್ನು ಆಹಾರವೆಂದು ಉಣ್ಣಲಿ, ಎದೆಬಾವಿನ ಮದ್ದೆಂದಲ್ಲ. ಎದೆ ಕೆಂಪಾಗಿ ಚಳಿಜ್ವರ ಬಂದು ಒಂದು ದಿವಸದಲ್ಲಿ ಇಳಿಯದಿದ್ದಲ್ಲಿ ಗುಳಿಗೆ, ಲೇಪಗಳಿಗಾಗಿ ಕಾಯದೆ ವೈದ್ಯರನ್ನು ಕಾಣಬೇಕು. ಅದಕ್ಕಾಗಿ ಮಗುವಿಗೆ ಹಾಲು ನಿಲ್ಲಿಸಬೇಕಾಗಿಲ್ಲ.

2020ರಲ್ಲಿ ಕಾಕ್ರೇನ್ ಸಂಸ್ಥೆಯ ಪರಿಶೀಲಕರು, ಎದೆಬಾವನ್ನು ತಡೆಯುವ ಉಪಾಯಗಳನ್ನು ಕುರಿತ ಪ್ರಯೋಗಗಳೆಲ್ಲವನ್ನೂ ಒಟ್ಟುಗೂಡಿಸಿದಾಗ, ಪ್ರೋಬಯಾಟಿಕ್ಕಿನಿಂದ ಪ್ರಯೋಜನವಿರಬಹುದಾದರೂ ಪುರಾವೆ ದುರ್ಬಲವೆಂದು ಬರೆದರು. ಈ ವಿಷಯದಲ್ಲಿ ಅಂದಿನವರೆಗೆ ನಡೆದ ಅತ್ಯಂತ ದೊಡ್ಡ ಪ್ರಯೋಗ, ಮೇಲೆ ಹೇಳಿದ 2017ರದಲ್ಲ, ಆರುನೂರಕ್ಕೂ ಹೆಚ್ಚು ತಾಯಂದಿರು ಭಾಗವಹಿಸಿದ ಇನ್ನೊಂದು, ಅವರ ಲೆಕ್ಕಕ್ಕೆ ದೊರೆಯಲಿಲ್ಲ. ಪ್ರೋಬಯಾಟಿಕ್ಕನ್ನು ಒದಗಿಸಿದವರಿಗೂ ಪ್ರಯೋಗ ನಡೆಸಿದವರಿಗೂ ಆಗಿದ್ದ ಒಪ್ಪಂದದ ಕಾರಣದಿಂದ ಅದರ ಫಲಿತಾಂಶವನ್ನು ಹೊರಗೆಡಹಿರಲಿಲ್ಲ. ಅಷ್ಟು ಜನ ಬಾಣಂತಿಯರು ನಂಬಿ ಒಪ್ಪಿಕೊಟ್ಟ ಪ್ರಯೋಗದ ಉತ್ತರವನ್ನು ವ್ಯಾಪಾರದ ಕರಾರಿನೊಳಗೆ ಕಟ್ಟಿಡುವುದು ಅನ್ಯಾಯ. ಅದು ಬಯಲಿಗೆ ಬರುವ ತನಕ ಈ ಗುಳಿಗೆಯ ಗುಣವನ್ನು ಸಿದ್ಧವಾದ ಸಂಗತಿಯೆಂದು ಯಾರೂ ಹೇಳುವಂತಿಲ್ಲ.